ಮರೆಮ್ಮನಿಗೆ ಬರಬೇಕಿದ್ದ ಜವಾಬು

ಮರೆಮ್ಮನ ವಯಸ್ಸು ಅವಳಿಗೂ ಗೊತ್ತಿರಲಿಲ್ಲ. ರಜಾಕಾರರ ಗಲಾಟೆಯ ವರ್ಷ ತನ್ನ ಮದುವೆಯಾಗಿತ್ತು ಎಂದಷ್ಟೇ ಹೇಳುತ್ತಿದ್ದಳು. ಸರ್ಕಾರಕ್ಕೆ ಅಷ್ಟು ಸಾಲದು, ಒಂದು ಅಂಕಿ ಬೇಕು. ಹಾಗಾಗಿ ನಾನೇ ಮನಸ್ಸಿನಲ್ಲಿ ಕೂಡಿ ಕಳೆದು ರಿಜಿಸ್ಟರಿನಲ್ಲಿ ಐವತ್ತು ಎಂದು ಬರೆದೆ. ಅದು 1981. ಆಳಂದ ತಾಲೂಕಿನಲ್ಲಿ, ನಿಂಬರ್ಗಾದಿಂದ ಮೂರು ಮೈಲಿ ಆಚೆಯ ಒಂದು ಸಣ್ಣ ಊರಿನ ಉಪಕೇಂದ್ರದಲ್ಲಿ ನಾನು ಆರೋಗ್ಯ ಸಹಾಯಕನಾಗಿದ್ದೆ. ನನ್ನ ಹೆಸರು ಬಸವಂತರಾಯ. ಉಪಕೇಂದ್ರ ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ಎರಡು ಖೋಲಿ, ಒಂದು ಮೇಜು, ಒಂದು ಕಬ್ಬಿಣದ ಅಲಮಾರಿ, ವರ್ಷದಲ್ಲಿ ಎಂಟು ತಿಂಗಳು ಖಾಲಿ ಇರುತ್ತಿದ್ದ ನರ್ಸಿನ ಹುದ್ದೆ. ನರ್ಸು ಇದ್ದಾಗಲೂ ಊರ ಹೆಂಗಸರು ಹೆರಿಗೆಗೆ ಕರೆಯುತ್ತಿದ್ದದ್ದು ಮರೆಮ್ಮನನ್ನೇ.

ಅವಳು ಸೂಲಗಿತ್ತಿ. ಹಗಲೆಲ್ಲ ತೊಗರಿ ಹೊಲದಲ್ಲಿ ಕಳೆ ತೆಗೆಯುವಳು. ಕರೆ ಬಂದರೆ ಕುರ್ಪಿಯನ್ನು ಬದುವಿನ ಮೇಲೆ ಇಟ್ಟು ಹಾಗೇ ನಡೆದುಬಿಡುವಳು, ಆ ದಿನದ ಕೂಲಿ ಹೋದರೆ ಹೋಯಿತು. ಎತ್ತರದ ಹೆಂಗಸು, ಮಾತು ಕಡಿಮೆ. ಹೆರಿಗೆ ಆಗುವ ತನಕ ಎಲ್ಲರ ಮನೆಯ ಒಳಖೋಲಿಗೂ ಹೋಗುತ್ತಿದ್ದಳು, ದೊಡ್ಡ ದೊಡ್ಡ ಮನೆಯ ಸೊಸೆಯರು ಅವಳ ಕೈ ಹಿಡಿದುಕೊಂಡು ಆಯಿ, ಆಯಿ ಎಂದು ಕೂಗುತ್ತಿದ್ದರು. ಹನ್ನೆರಡನೆಯ ದಿನ ಹೆಸರಿಡುವ ಊಟಕ್ಕೆ ಅದೇ ಮನೆಯ ಅಂಗಳದಲ್ಲಿ, ತಾನೇ ತಂದ ತಾಟಿನಲ್ಲಿ ಉಣ್ಣುತ್ತಿದ್ದಳು. ಆವಾಗ ಅವಳು ಆಯಿ ಅಲ್ಲ, ಬರೀ ಮರೆವ್ವ. ಬಸವಣ್ಣನವರ ಫೋಟೋ ಗೋಡೆಗೆ ಹಾಕಿಕೊಂಡ ಮನೆ ನಮ್ಮದು. ನನ್ನ ಎರಡೂ ಮಕ್ಕಳನ್ನು ಹಿಡಿದದ್ದು ಅವಳ ಕೈ. ನಮ್ಮ ಮನೆಯಲ್ಲೂ ಅವಳು ಉಂಡದ್ದು ಅಂಗಳದಲ್ಲೇ. ನನಗೆ ಆಗ ನಾಚಿಕೆಯಾಗಿತ್ತು ಎಂದು ಈಗ ಹೇಳಿದರೆ ಅದು ಸುಳ್ಳು.

ನಮ್ಮ ಕಡೆ ಒಂದು ಪದ್ಧತಿ ಇತ್ತು. ಕೂಸು ಹುಟ್ಟಿದ ಮೇಲೆ, ಅದರ ಹಿಂದೆ ಬರುವ ಮಾಸು ಬೀಳುವ ತನಕ ಕೂಸನ್ನು ಯಾರೂ ಮುಟ್ಟುತ್ತಿರಲಿಲ್ಲ. ಹೊಕ್ಕುಳ ಬಳ್ಳಿ ಕೊಯ್ಯುವುದಿಲ್ಲ, ಮೈ ಒರೆಸುವುದಿಲ್ಲ, ಎತ್ತುವುದಿಲ್ಲ. ಸಾರಿಸಿದ ನೆಲದ ಮೇಲೆ, ಹಸಿ ಮೈಯಲ್ಲೇ, ಬಿದ್ದಲ್ಲೇ ಬಿದ್ದಿರಬೇಕು. ಮೊದಲೇ ಎತ್ತಿದರೆ ಮಾಸು ಮೇಲಕ್ಕೆ ಏರಿ ತಾಯಿ ಸಾಯುತ್ತಾಳೆ ಎಂಬ ಭಯ. ಕೆಲವರಿಗೆ ಹತ್ತು ನಿಮಿಷಕ್ಕೆ ಮಾಸು ಬೀಳುತ್ತಿತ್ತು, ಕೆಲವರಿಗೆ ಒಂದು ತಾಸು ಹಿಡಿಯುತ್ತಿತ್ತು. ಅಷ್ಟು ಹೊತ್ತು ಎಲ್ಲರ ಕಣ್ಣೂ ತಾಯಿಯ ಮೇಲೆ. ಕೂಸು ಅತ್ತರೆ ಅಳಲಿ, ಸುಮ್ಮನಾದರೆ ಮಲಗಿತು ಎನ್ನುವರು. ಎರಡನೆಯ ದಿನವೋ ಮೂರನೆಯ ದಿನವೋ ಅದು ಮೊಲೆ ಹಿಡಿಯದೆ ತಣ್ಣಗಾಗಿ ಹೋದರೆ ಮನೆಯವರು ಗಾಳಿ ಸೋಕಿತು ಎನ್ನುತ್ತಿದ್ದರು. ನಾನು ರಿಜಿಸ್ಟರಿನಲ್ಲಿ ಅಶಕ್ತತೆ ಎಂದು ಬರೆಯುತ್ತಿದ್ದೆ. ನಿಜವಾಗಿ ಏನಾಯಿತು ಎನ್ನುವುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಅದನ್ನು ತಿಳಿಯುತ್ತೇನೆಂದು ಆ ವರ್ಷ ಒಬ್ಬ ಡಾಕ್ಟರು ಜೀಪಿನಲ್ಲಿ ಬಂದರು. ದೂರದ ಯಾವುದೋ ಸಂಶೋಧನಾ ಸಂಸ್ಥೆಯವರು. ಒಳ್ಳೆಯ ಮನುಷ್ಯ, ಚಹಾ ಕೊಟ್ಟರೆ ನಿಂತೇ ಕುಡಿಯುತ್ತಿದ್ದರು. ಅವರ ಯೋಜನೆ ಹೀಗಿತ್ತು. ಆಳಂದದ ಇಪ್ಪತ್ತು ಊರು, ಜೇವರ್ಗಿಯ ಇಪ್ಪತ್ತು ಊರು. ಜೇವರ್ಗಿ ಕಡೆಯ ಸೂಲಗಿತ್ತಿಯರಿಗೆ ಹೊಸದೊಂದನ್ನು ಕಲಿಸುವುದು, ಆಳಂದದ ಕಡೆ ಏನೂ ಕಲಿಸದೆ ಇರುವುದು. ಎರಡು ವರ್ಷ ಎರಡೂ ಕಡೆ ಹುಟ್ಟಿದ್ದೆಷ್ಟು, ವಾರದೊಳಗೆ ಸತ್ತದ್ದೆಷ್ಟು ಎಂದು ಬರೆದಿಟ್ಟು ಹೋಲಿಸಿ ನೋಡುವುದು. ಅಲ್ಲಿ ಏನು ಕಲಿಸುತ್ತೀರಿ ಎಂದು ನಾನು ಕೇಳಿದೆ. ನಿಮಗೆ ಹೇಳಿದರೆ ನೀವು ಇಲ್ಲಿ ಹೇಳುತ್ತೀರಿ, ಹೋಲಿಕೆ ಕೆಡುತ್ತದೆ ಎಂದರು. ಅದು ಅವರ ವಿದ್ಯೆಯ ರೀತಿ, ಅದಕ್ಕೆ ನಾನು ತಪ್ಪು ಹೇಳುವುದಿಲ್ಲ.

ಮರೆಮ್ಮನಿಗೆ ಅವರು ಕೂಸು ತೂಗುವ ಒಂದು ಸ್ಪ್ರಿಂಗ್ ತಕ್ಕಡಿ ಕೊಟ್ಟರು. ಅಕ್ಷರ ಬಾರದವರಿಗೂ ತಿಳಿಯಲೆಂದು ಅದಕ್ಕೆ ಕೆಂಪು, ಹಳದಿ, ಹಸಿರು ಬಣ್ಣ ಬಳಿದಿತ್ತು, ಹಸಿರೆಂದರೆ ತುಂಬಿದ ತೂಕ. ನೀವು ಯಾವತ್ತೂ ಹೇಗೆ ಮಾಡುತ್ತೀರೋ ಹಾಗೇ ಮಾಡಿ, ಹೊಸದೇನೂ ಮಾಡಬೇಡಿ, ಎಲ್ಲ ಮುಗಿದ ಮೇಲೆ ನಾನೇ ಬಂದು ಯಾವುದು ಸರಿ ಎಂದು ಹೇಳುತ್ತೇನೆ, ಅಲ್ಲಿಯ ತನಕ ಏನೂ ಬದಲು ಮಾಡಬಾರದು ಎಂದು ಅವರು ಎರಡು ಸಲ ಬಿಡಿಸಿ ಹೇಳಿದರು. ಮರೆಮ್ಮ ತಕ್ಕಡಿಯನ್ನು ಕಣ್ಣಿಗೆ ಒತ್ತಿಕೊಂಡು ಆಗ್ಲಿರಿ ಎಂದಳು. ಅವಳ ಪಾಲಿಗೆ ಅದು ಭಾಷೆ ಕೊಟ್ಟ ಹಾಗೆ. ಡಾಕ್ಟರಿಗೆ ಅದು ತಿಳಿದಿರಲಿಕ್ಕಿಲ್ಲ, ಅವರು ಆಗಲೇ ಜೀಪಿನ ಕಡೆ ತಿರುಗಿದ್ದರು.

ಎರಡು ವರ್ಷ ಪ್ರತಿ ಸೋಮವಾರ ಅವಳು ಉಪಕೇಂದ್ರದ ಹೊಸ್ತಿಲ ಹೊರಗೆ ಕೂತು ವಾರದ ಸುದ್ದಿ ಒಪ್ಪಿಸಿದಳು. ಯಾರ ಮನೆ, ಗಂಡೋ ಹೆಣ್ಣೋ, ತಕ್ಕಡಿಯ ಮುಳ್ಳು ಯಾವ ಬಣ್ಣದ ಮೇಲೆ ನಿಂತಿತು, ಕೂಸು ಇದೆಯೋ ಹೋಯಿತೋ. ಒಂದೂ ಮರೆಯುತ್ತಿರಲಿಲ್ಲ. ನಮ್ಮೂರು ಮತ್ತು ಸುತ್ತಲಿನ ಮೂರು ಹಳ್ಳಿ ಸೇರಿ ಅವಳ ಕೈಯಲ್ಲಿ ಎಪ್ಪತ್ತೆಂಟು ಹುಟ್ಟಿದವು, ಏಳು ವಾರದೊಳಗೆ ಹೋದವು. ಒಂದು ಚಳಿಗಾಲದಲ್ಲಿ ಅವಳು ತಾನಾಗಿ ಒಂದು ಮಾತು ಹೇಳಿದ್ದಳು. ನೆಲದ ಮೇಲಿದ್ದ ಒಂದು ಕೂಸು ನಡುಗುವುದನ್ನು ನೋಡಿ ಸೆರಗು ಹೊಚ್ಚಬೇಕೆಂದು ಕೈ ಹೋಯಿತಂತೆ, ಡಾಕ್ಟರ ಮಾತು ನೆನಪಾಗಿ ಹಿಂದಕ್ಕೆ ತೆಗೆದಳಂತೆ. ನಾನು ಒಳ್ಳೆಯದು ಮಾಡಿದಿ ಎಂದೆ. ಹೌದು, ಹಾಗೇ ಎಂದೆ.

1983ರಲ್ಲಿ ಜೀಪು ಕೊನೆಯ ಸಲ ಬಂತು. ಡಾಕ್ಟರು ಬರಲಿಲ್ಲ, ಅವರ ಆಳು ಬಂದು ಕಾಗದಪತ್ರ ಕಟ್ಟಿಕೊಂಡು ಹೋದ. ಕೆಲಸ ಮುಗಿಯಿತು ಎಂದು ನಾನು ಮರೆಮ್ಮನಿಗೆ ಹೇಳಿದೆ. ಅವಳು ಒಪ್ಪಲಿಲ್ಲ. ಮುಂದಿನ ಸೋಮವಾರವೂ ಬಂದು ಕೂತಳು, ಸುದ್ದಿ ಹೇಳಿದಳು, ಏಳುವಾಗ ಜವಾಬ ಬಂತೇನ್ರಿ ಎಂದು ಕೇಳಿದಳು. ಅದು ಅವಳ ರೂಢಿಯೇ ಆಯಿತು. ವರ್ಷ ಕಳೆದಂತೆ ನನಗೆ ಅದು ಕಿರಿಕಿರಿ ಎನಿಸತೊಡಗಿತು. ಒಂದು ದಿನ ಸಿಟ್ಟಿನಿಂದ, ಆ ಮನುಷ್ಯ ನಿನ್ನನ್ನು ಯಾವತ್ತೋ ಮರೆತಿದ್ದಾನೆ, ನಿನಗೆ ಹೇಗೆ ತಿಳಿಯುತ್ತದೋ ಹಾಗೆ ಮಾಡಿಕೋ ಎಂದುಬಿಟ್ಟೆ.

ಅವಳು ಸಿಟ್ಟಾಗಲಿಲ್ಲ. "ನಡುವ ನಾ ಏನರ ಬ್ಯಾರೆ ಮಾಡಿದ್ರ ಲೆಕ್ಕ ಕೆಡ್ತದ್ರಿ ಸಾಹೇಬ್ರ. ಲೆಕ್ಕ ಕೆಟ್ರ ಆ ಏಳು ಕೂಸು ಸುಮ್ನ ಸತ್ತಂಗ ಆಗ್ತದ" ಎಂದಳು.

ಲೆಕ್ಕ ಯಾವತ್ತೋ ಮುಗಿದಿದೆ, ಕೆಡಲು ಏನೂ ಉಳಿದಿಲ್ಲ ಎಂದು ಎಷ್ಟು ಹೇಳಿದರೂ ಅವಳ ತಲೆಗೆ ಹೋಗಲಿಲ್ಲ. ಹೇಳುತ್ತೇನೆ ಎಂದವರು ಬಂದು ಹೇಳಿಲ್ಲ ಅಂದರೆ ಅದು ಮುಗಿಯುವುದು ಹೇಗೆ ಎನ್ನುವುದು ಅವಳ ವಾದ. ಯೋಚಿಸಿದರೆ ಅವಳದೇ ಸರಿ.

ಅವಳಿಗೆ ಉಳಿದದ್ದು ಒಬ್ಬಳೇ ಮಗಳು, ದ್ರೌಪದಿ. ಅಫಜಲಪುರ ತಾಲೂಕಿನ ಅತನೂರಿಗೆ, ಭಗವಂತ ಎಂಬವನಿಗೆ ಕೊಟ್ಟಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು, 1985ರ ದೀಪಾವಳಿಯ ಹೊತ್ತಿಗೆ. ಕೂಸು ಎರಡು ದಿನ ಇತ್ತು. ಎರಡು ವರ್ಷದ ಮೇಲೆ ಮತ್ತೆ ಬಂದಳು. ಸೂಲಗಿತ್ತಿಯ ಮಗಳು ಬೇರೆಯವರ ಕೈಯಲ್ಲಿ ಹೆರುವುದುಂಟೇ ಎಂದು ತಾಯಿಯೇ ಹೋಗಿ ಕರೆತಂದಿದ್ದಳು. ಅದೂ ಉಳಿಯಲಿಲ್ಲ. 1989ರಲ್ಲಿ ಮೂರನೆಯ ಸಲ ದಿನ ನಿಂತು ಬಸುರಾದಾಗ ಅತನೂರಿನಲ್ಲಿ ಅತ್ತೆ ಖಡಾಖಂಡಿತ ಹೇಳಿಬಿಟ್ಟಳು. ಇದೂ ಹೋದರೆ ಮಗನಿಗೆ ಬೇರೆ ಲಗ್ನ ಮಾಡುತ್ತೇವೆ, ನಿಮ್ಮ ಮಗಳು ನಿಮ್ಮ ಮನೆಯಲ್ಲಿ ಇರಲಿ ಎಂದು.

ಆ ಶ್ರಾವಣದಲ್ಲಿ ಮರೆಮ್ಮ ಸೋಮವಾರ ಅಲ್ಲದ ದಿನ ಬಂದಳು. ಸುದ್ದಿ ಒಪ್ಪಿಸಲಿಲ್ಲ, ಕೂರಲೂ ಇಲ್ಲ.

"ಸಾಹೇಬ್ರ, ಆ ಜವಾಬ ಎಲ್ಲದನೋ ಹುಡುಕ್ರಿ. ದುರಪತಿ ಹೆರಿಗಿ ಆಗೂದ್ರಾಗ ನನಗ ಬೇಕ್ರಿ ಅದು."

ಎಂಟು ವರ್ಷದಲ್ಲಿ ಅವಳು ತನಗಾಗಿ ನನ್ನ ಹತ್ತಿರ ಕೇಳಿದ್ದು ಅದೊಂದೇ. ಹುಡುಕುತ್ತೇನೆ ಎಂದೆ. ಹೆರಿಗೆಗೆ ಇನ್ನೂ ನಾಲ್ಕು ತಿಂಗಳಿತ್ತು. ಒಂದು ಕಾಗದ ತರಿಸಲು ನಾಲ್ಕು ತಿಂಗಳು ಧಾರಾಳ ಎಂದೇ ನನ್ನ ಭಾವನೆ.

ಸಂಸ್ಥೆಗೆ ಪತ್ರ ಬರೆದೆ. ಆರು ವಾರದ ಮೇಲೆ ಟೈಪು ಮಾಡಿದ ಉತ್ತರ ಬಂತು. ಡಾಕ್ಟರು ಕೆಲಸ ಬಿಟ್ಟು ಪರದೇಶಕ್ಕೆ ಹೋಗಿದ್ದಾರೆ, ವಿಳಾಸ ಇಲ್ಲ. ಸಂಶೋಧನೆಯ ಫಲಿತಾಂಶ 1985ರಲ್ಲೇ ವಿಲಾಯತಿಯ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಗಿದೆ, ಆಸಕ್ತರು ಅಲ್ಲಿ ನೋಡಿಕೊಳ್ಳಬಹುದು. ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮೂರಿನ ಆಸಕ್ತರು ಯಾರು? ಹೊಸ್ತಿಲ ಹೊರಗೆ ಕೂತ ಮರೆಮ್ಮ. ಅವಳು ವಿಲಾಯತಿಗೆ ಹೋಗಿ ನೋಡಿಕೊಳ್ಳಬೇಕು.

ರಜೆ ಹಾಕಿ ಗುಲ್ಬರ್ಗಾಕ್ಕೆ ಹೋದೆ. ಅಲ್ಲಿ ಡಾಕ್ಟರರು ಓದುವ ಒಂದು ಗ್ರಂಥಾಲಯದಲ್ಲಿ ಅಬ್ದುಲ್ ಗನಿ ಎಂಬ ವಯಸ್ಸಾದ ಗ್ರಂಥಪಾಲಕರಿದ್ದರು. ನನ್ನ ಧೂಳು ಹತ್ತಿದ ಚಪ್ಪಲಿ ನೋಡಿಯೂ ಕೂಡಿಸಿ ಮಾತಾಡಿಸಿದ ಪುಣ್ಯಾತ್ಮ. ಮೊಣಕೈಯುದ್ದದ ಒಂದು ಸೂಚಿಯ ಪುಸ್ತಕ ತೆಗೆದು, ಬೆರಳು ಓಡಿಸಿ, ಅರ್ಧ ತಾಸಿನಲ್ಲಿ ಹುಡುಕಿದರು. ಲೇಖನದ ಹೆಸರು ಇತ್ತು, ಪುಟದ ಸಂಖ್ಯೆ ಇತ್ತು. ಹೆಸರಿನಲ್ಲಿ ನಮ್ಮ ಜಿಲ್ಲೆಯ ಹೆಸರೂ ಇತ್ತು. ಲೇಖನ ಮಾತ್ರ ಅಲ್ಲಿರಲಿಲ್ಲ. ಆ ಪತ್ರಿಕೆ ತರಿಸುವ ಶಕ್ತಿ ಆ ಗ್ರಂಥಾಲಯಕ್ಕೆ ಇಲ್ಲವಂತೆ, ಒಂದೇ ಪ್ರತಿ ಬೇಕೆಂದರೂ ಪೌಂಡು ಕಳಿಸಬೇಕಂತೆ. ನಾನು ಪೌಂಡನ್ನು ಕಣ್ಣಿನಿಂದ ಕಂಡವನಲ್ಲ. ಏಳು ಕೂಸು ನಮ್ಮವು, ಎಣಿಸಿದವಳು ನಮ್ಮವಳು, ಬರೆದವನು ನಾನು, ನೋಡಬೇಕೆಂದರೆ ನಮಗೇ ಬಾಗಿಲಿಲ್ಲ ಎಂದು ಅಲ್ಲೇ ಕೂಗಾಡಿದೆ. ಓದುತ್ತಿದ್ದ ಹುಡುಗರು ತಲೆ ಎತ್ತಿ ನೋಡಿದರು. ಅಬ್ದುಲ್ ಗನಿ ನನಗೆ ನೀರು ಕೊಟ್ಟರು. ದಿಲ್ಲಿಯಲ್ಲಿ ತಮ್ಮ ಗೆಳೆಯರೊಬ್ಬರ ಗ್ರಂಥಾಲಯಕ್ಕೆ ಆ ಪತ್ರಿಕೆ ಬರುತ್ತದೆ, ಝೆರಾಕ್ಸ್ ಮಾಡಿಸಿ ನಿಮ್ಮ ವಿಳಾಸಕ್ಕೇ ಕಳಿಸಲು ಹೇಳುತ್ತೇನೆ, ಒಂದೂವರೆ ಎರಡು ತಿಂಗಳು ಆಗಬಹುದು ಎಂದರು. ಆಗ ನವೆಂಬರ್ ನಡೆದಿತ್ತು.

ಡಿಸೆಂಬರಿನಲ್ಲಿ ಮರೆಮ್ಮ ದಿನಾ ಬಂದಳು. ನಿಂಬರ್ಗಾದಿಂದ ಟಪಾಲು ಬರುವುದು ಹನ್ನೊಂದಕ್ಕೆ. ಆ ಹೊತ್ತಿಗೆ ಹೊಲದಿಂದ ಎದ್ದು ಬಂದು, ಇಲ್ಲ ಎಂದರೆ ಸುಮ್ಮನೆ ತಿರುಗಿ ಹೋಗುತ್ತಿದ್ದಳು.

ಎಳ್ಳಮಾವಾಸ್ಯೆಯ ದಿನ ಊರಿಗೆ ಊರೇ ಪೂಜೆಗೆಂದು ಅಡುಗೆಯ ಬುಟ್ಟಿ ಹೊತ್ತುಕೊಂಡು ಹೊಲಕ್ಕೆ ಹೋಗಿತ್ತು. ಮರೆಮ್ಮನ ಮನೆಯವರು ಹೋಗಲಿಲ್ಲ. ಮಾರನೆಯ ದಿನ ಬೆಳಗ್ಗೆ ದ್ರೌಪದಿಗೆ ಹೆರಿಗೆಯ ಬ್ಯಾನಿ ಜೋರಾದವು. ಏಳೂವರೆಗೆ ಅವರ ಓಣಿಯ ಹೆಂಗಸೊಬ್ಬಳು ನನ್ನ ಮನೆಗೆ ಬಂದು, ಆಯಿ ಕೇಳ್ಯಾಳ್ರಿ, ಕಾಗದ ಬಂದದ ಏನು ಅಂತ ಎಂದಳು. ಇಲ್ಲ ಎಂದು ಹೇಳಿ ಕಳಿಸಿದೆ. ಮನಸ್ಸು ತಡೆಯದೆ ನಾನೂ ಹಿಂದೆಯೇ ಹೋಗಿ ಅಂಗಳದಲ್ಲಿ ನಿಂತೆ. ಚಳಿ ಎಂದರೆ ಚಳಿ, ಉಸಿರು ಹೊಗೆಯಾಡುತ್ತಿತ್ತು. ಎಂಟಕ್ಕೆ ಕೂಸು ಅತ್ತಿದ್ದು ಕೇಳಿಸಿತು. ಗಟ್ಟಿ ದನಿ. ಒಳಗಿಂದ ಹೆಣ್ಣು ಎಂದರು. ಮಾಸು ಬೀಳಲಿಲ್ಲ. ಅಳು ಸಣ್ಣದಾಯಿತು, ಆಮೇಲೆ ನಿಂತುಹೋಯಿತು. ಮಲಗಿತು ಎಂದು ಯಾರೋ ಅಂದರು. ಮಾಸು ಬಿದ್ದಾಗ ಒಂಬತ್ತಕ್ಕೆ ಹತ್ತು ನಿಮಿಷ ಕಡಿಮೆ ಇತ್ತು. ಹಾಳು ಅಭ್ಯಾಸ, ನಾನು ಗಡಿಯಾರ ನೋಡಿದ್ದೆ.

ಕೂಸು ಮೂರನೆಯ ದಿನ ಹೋಯಿತು. ಹಳ್ಳದ ದಂಡೆಯಲ್ಲಿ ಮಣ್ಣು ಮಾಡಿದರು. ಬಾಣಂತನ ಇನ್ನೂ ಅರ್ಧವೂ ಆಗಿರಲಿಲ್ಲ, ಅತನೂರಿನಿಂದ ಭಗವಂತನ ಕಾಕಾ ಬಂದು ದ್ರೌಪದಿಯ ಟ್ರಂಕನ್ನು ಅಂಗಳದಲ್ಲಿ ಇಳಿಸಿ, ನೀರೂ ಕುಡಿಯದೆ ಹೋದ. ಮರೆಮ್ಮ ಅಳುವುದನ್ನು ನಾನು ನೋಡಲಿಲ್ಲ. ಕೂಸು ಹೋದ ಮೇಲಿನ ಸೋಮವಾರವೂ ಅವಳು ಬಂದಳು. "ನಮ್ಮ ಮನೀದು. ಹೆಣ್ಣು. ಹಸುರಿನ ಮ್ಯಾಲಿತ್ತು. ಮೂರು ದಿನ" ಎಂದು ಹೇಳಿ, ನಾನು ಬರೆಯುವ ತನಕ ಕಾದಳು.

ಲಕೋಟೆ ಬಂದದ್ದು ಜನವರಿ ಹದಿನೇಳಕ್ಕೆ, ಬುಧವಾರ. ಐದು ಪುಟ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ. ನಿಘಂಟು ಇಟ್ಟುಕೊಂಡು ಎರಡು ದಿನ ಓದಿದೆ. ಮಾತೆಲ್ಲ ಬಿಡಿಸಿದರೆ ಅದರಲ್ಲಿ ಇದ್ದದ್ದು ಇಷ್ಟೆ. ಜೇವರ್ಗಿ ಕಡೆಯ ಸೂಲಗಿತ್ತಿಯರಿಗೆ ಕಲಿಸಿದ್ದು ಒಂದೇ: ಕೂಸು ಹುಟ್ಟಿದ ಕೂಡಲೇ ಒಣ ಬಟ್ಟೆಯಿಂದ ಮೈ ಒರೆಸಿ, ಸುತ್ತಿ, ತಾಯಿಯ ಎದೆಯ ಮೇಲೆ ಹಾಕುವುದು, ಮಾಸು ಬೀಳಲಿ ಎಂದು ಕಾಯದೆ ಇರುವುದು. ಅದರಿಂದ ಒಬ್ಬ ತಾಯಿಗೂ ತೊಂದರೆ ಆಗಲಿಲ್ಲ. ಜೇವರ್ಗಿ ಕಡೆ ಸತ್ತ ಕೂಸುಗಳು ಆಳಂದ ಕಡೆಗಿಂತ ಅರ್ಧ. ಕೊನೆಯಲ್ಲಿ ಎರಡೂ ತಾಲೂಕಿನ ಸೂಲಗಿತ್ತಿಯರಿಗೆ ಕೃತಜ್ಞತೆ, ಯಾರ ಹೆಸರೂ ಇಲ್ಲ. ಅಚ್ಚಾದದ್ದು 1985ರ ಏಪ್ರಿಲ್. ದ್ರೌಪದಿಯ ಚೊಚ್ಚಲಿಗೆ ಇನ್ನೂ ಆರು ತಿಂಗಳು ಇತ್ತು.

ಒಂದು ಒಣ ಬಟ್ಟೆ. ಅಷ್ಟೇ ಬೇಕಾಗಿತ್ತು. ಮೂರೂ ಕೂಸುಗಳನ್ನು ತಣ್ಣನೆಯ ನೆಲದ ಮೇಲೆ ಬಿಟ್ಟು ಕಾದದ್ದು ಅಜ್ಜಿಯ ಕೈಯೇ. ಇದನ್ನು ಅವಳಿಗೆ ಓದಿ ಹೇಳುವವನು ನಾನಾಗಬೇಕು. ನನ್ನಿಂದ ಆಗಲಿಲ್ಲ. ಲಕೋಟೆಯನ್ನು ಅಲಮಾರಿಯಲ್ಲಿ, ಮಲೇರಿಯಾ ಗುಳಿಗೆಯ ಡಬ್ಬಿಯ ಹಿಂದೆ ಇಟ್ಟು ಕೀಲಿ ಹಾಕಿದೆ. ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡವಳ ಮೇಲೆ ಇನ್ನಷ್ಟು ಯಾಕೆ ಸುರಿಯಬೇಕು, ಒಂದೆರಡು ತಿಂಗಳು ಹೋಗಲಿ, ಮಗಳ ವ್ಯವಸ್ಥೆ ಏನಾದರೂ ಆಗಲಿ, ಚಳಿಯೂ ಕಳೆಯುತ್ತದೆ, ಆಮೇಲೆ ನಿಧಾನಕ್ಕೆ ಹೇಳಿದರಾಯಿತು ಎಂದುಕೊಂಡೆ. ನನ್ನನ್ನು ನಾನು ದಯಾವಂತ ಎಂದುಕೊಂಡೆ.

ಹಾಗೆಂದು ಪೂರಾ ಸುಮ್ಮನೆ ಕೂಡಲಿಲ್ಲ. ಮುಂದಿನ ಸೋಮವಾರ ಏನೋ ಬೇರೆ ಮಾತಿನ ನಡುವೆ ತೇಲಿಸಿದ ಹಾಗೆ, ಮರೆಮ್ಮ, ಇನ್ನು ಮೇಲೆ ಕೂಸು ಹುಟ್ಟಿದ ಕೂಡಲೇ ಒರೆಸಿ ಅರಿವೆಯಲ್ಲಿ ಸುತ್ತಿಬಿಡು ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಡಾಕ್ಟರ್ ಸಾಹೇಬ್ರು ಹೇಳಿ ಕಳಿಸ್ಯಾರೇನ್ರಿ?"

"ಇಲ್ಲ. ನನಗ ತಿಳೀತು, ಹೇಳಿದೆ."

"ಹಂಗಿದ್ರ ಬ್ಯಾಡ್ರಿ" ಎಂದಳು. "ಇಷ್ಟು ವರ್ಷ ಕಾದೇನಿ. ಜವಾಬ ಬರ್ಲಿ."

ಆ ಒಂದು ಕ್ಷಣದಲ್ಲಿ ಹೌದು ಎಂದಿದ್ದರೆ ಮುಗಿಯುತ್ತಿತ್ತು. ಅಲಮಾರಿ ನನ್ನ ಬೆನ್ನ ಹಿಂದೆಯೇ ಇತ್ತು. ನಾನು ಪೆನ್ನಿನ ಮುಚ್ಚಳ ಹಾಕಿ, ನಿನ್ನ ಇಷ್ಟ ಎಂದೆ.

ಅವರದೇ ಓಣಿಯಲ್ಲಿ ಹುಲೆಪ್ಪ ಎಂಬವನ ಮನೆ. ಹೆಂಡತಿ ಮಾಣಿಕಮ್ಮನಿಗೆ ಲಗ್ನವಾಗಿ ಆರು ವರ್ಷದ ಮೇಲೆ ದಿನ ನಿಂತಿತ್ತು. ಫೆಬ್ರವರಿಯ ಮೊದಲ ವಾರ ಇನ್ನೇನು ಹೋಗುತ್ತೇನೆ ಎನ್ನುತ್ತಿದ್ದ ಚಳಿ ಮತ್ತೆ ತಿರುಗಿ ಬಂತು. ಹನ್ನೆರಡನೆಯ ತಾರೀಕು ಸೋಮವಾರ ಮರೆಮ್ಮ ಬಂದು ಹೊಸ್ತಿಲ ಹೊರಗೆ ಕೂತಳು.

"ಹುಲೆಪ್ಪನ ಮನೀದು. ಗಂಡು. ಹಳದಿ ಮ್ಯಾಲಿತ್ತು. ಎರಡು ದಿನ" ಎಂದಳು.

ನಾನು ರಿಜಿಸ್ಟರ್ ತೆರೆದೆ. ಪೆನ್ನು ಹಿಡಿದೆ. ಹುಲೆಪ್ಪ ಎಂದು ಬರೆದೆ. ಪೆನ್ನು ಕೆಳಗಿಟ್ಟೆ. ಎದ್ದು ಅಲಮಾರಿಯ ಕೀಲಿ ತೆಗೆದು, ಲಕೋಟೆ ತಂದು, ಹೊಸ್ತಿಲ ಮೇಲೆ ಅವಳ ಎದುರಿಗೆ ಕೂತುಕೊಂಡು ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಜೇವರ್ಗಿ, ಆಳಂದ, ಒಣ ಬಟ್ಟೆ, ತಾಯಿಯ ಎದೆ, ಅರ್ಧಕ್ಕರ್ಧ. ಮುಗಿದ ಮೇಲೆ ಅವಳು ತನ್ನ ಅಂಗೈ ನೋಡಿಕೊಂಡಳು. ಮೂರು ಮೊಮ್ಮಕ್ಕಳ ಮಾತು ಈಗ ಬರುತ್ತದೆ ಎಂದು ನಾನು ಹೆದರಿ ಕೂತಿದ್ದೆ.

"ಇದು ಯಾವಾಗ ಬಂತ್ರಿ?" ಎಂದು ಕೇಳಿದಳು.

ಹೇಳಿದೆ.

"ಹುಲೆಪ್ಪನ ಕೂಸಿಗಿಂತ ಮೊದಲ?"

"ಹೌದು" ಎಂದೆ. ನಿನಗೆ ಎಷ್ಟು ಸಂಕಟ ಆಗುತ್ತದೋ ಎಂದು ತಡೆದೆ, ದ್ರೌಪದಿಯ ಕೂಸು ಹೋಗಿ ಇನ್ನೂ ತಿಂಗಳಾಗಿರಲಿಲ್ಲ ಎಂದು ಏನೇನೋ ತೊದಲಿದೆ.

"ದುರಪತಿದು ಮುಗದಿತ್ತಲ್ರಿ" ಎಂದಳು. ದನಿ ಎತ್ತರಿಸಲಿಲ್ಲ. "ಅದಕ್ಕ ಅಳೂದು ಬಿಡೂದು ನನಗ ಬಿಟ್ಟದ್ದು. ಹುಲೆಪ್ಪನ ಕೂಸು ಇನ್ನಾ ಹುಟ್ಟಿದ್ದಿಲ್ಲ."

ನಾನು ಅವಳ ಮುಂದೆ ಅತ್ತೆ. ಅವಳು ಸಮಾಧಾನ ಮಾಡಲಿಲ್ಲ. ಎದ್ದು, ಸೆರಗು ತಲೆಯ ಮೇಲೆ ಎಳೆದುಕೊಂಡು, ಕಾಗದ ತಗೊಂಡು ಬರ್ರಿ ಎಂದು ಹೇಳಿ ಮುಂದೆ ನಡೆದಳು. ನಾನು ಹಿಂದೆ ನಡೆದೆ.

ಹುಲೆಪ್ಪನ ಅಂಗಳದಲ್ಲಿ ಓಣಿಯ ಹೆಂಗಸರು ಏಳೆಂಟು ಜನ ಕೂತಿದ್ದರು. ಮಾಣಿಕಮ್ಮ ಗೋಡೆಗೆ ಒರಗಿದ್ದಳು, ಎದೆಹಾಲು ಕಟ್ಟಿ ಕುಪ್ಪಸ ನೆಂದಿತ್ತು. ಮರೆಮ್ಮ ಅವಳ ಎದುರು ನೆಲದ ಮೇಲೆ ಕೂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಕೂಸನ್ನು ಹುಟ್ಟಿದ ಕೂಡಲೇ ಒರೆಸಿ ಸುತ್ತಬೇಕಿತ್ತು, ನಾನು ನೆಲದ ಮೇಲೆ ಬಿಟ್ಟೆ, ಅದು ಚಳಿಗೆ ಹೋಯಿತು, ನನ್ನ ಮಗಳ ಮೂರೂ ಹಾಗೇ ಹೋದವು, ತಪ್ಪು ನನ್ನ ಕೈಯದು. ಬಾಗಿಲಲ್ಲಿ ನಿಂತಿದ್ದ ದ್ರೌಪದಿಯನ್ನು ನಾನು ಆಗ ನೋಡಿದೆ. ತಾಯಿಯ ಮಾತನ್ನೆಲ್ಲ ಅವಳು ಕೇಳಿಸಿಕೊಂಡಿದ್ದಳು.

ಮಾಣಿಕಮ್ಮ ಕೇಳಿದಳು. "ನಿನಗ ಯಾವಾಗ ತಿಳೀತು ಆಯಿ?"

"ಇವತ್ತ" ಎಂದಳು ಮರೆಮ್ಮ.

ಮಾಣಿಕಮ್ಮನ ಕಣ್ಣು ನನ್ನ ಕೈಯಲ್ಲಿದ್ದ ಲಕೋಟೆಯ ಮೇಲೆ ಬಂತು. "ಮತ್ತ ಆ ಕಾಗದ ಯಾವಾಗ ಬಂತ್ರಿ ಸಾಹೇಬ್ರ?"

"ಮೊನ್ನೆ" ಎಂದೆ. "ಕೂಸು ಹೋದ ದಿನ."

ಮರೆಮ್ಮ ನನ್ನ ಕಡೆ ತಿರುಗಲಿಲ್ಲ. ಸುಳ್ಳು ಎನ್ನಲೂ ಇಲ್ಲ. ಮಾಣಿಕಮ್ಮನ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಕೂತಳು.

ಅಲ್ಲಿಂದ ಮುಂದೆ ಅವಳು ಆರು ವರ್ಷ ಬದುಕಿದಳು. ಕೂಲಿ ಬಿಟ್ಟು, ನಿಂಬರ್ಗಾ ಸುತ್ತಲಿನ ಊರೂರಿಗೆ ನಡೆದು, ಸೂಲಗಿತ್ತಿಯರನ್ನು ಹುಡುಕಿ ಹುಡುಕಿ ಹೇಳಿದಳು. ಹಿಟ್ಟಿನ ಗಿರಣಿಯ ಮುಂದೆ, ಬಾವಿಯ ಕಟ್ಟೆಯ ಮೇಲೆ, ಸಂತೆಯಲ್ಲಿ, ಹೊಟ್ಟೆ ಮುಂದಾದ ಹೆಂಗಸು ಕಂಡರೆ ಸಾಕು ನಿಲ್ಲಿಸಿ ಹೇಳುವಳು. ಮಾಸು ಏರುತ್ತದೆ ಎಂದು ಬೈದು ಕಳಿಸಿದವರೂ ಇದ್ದರು, ಅಂಥವರ ಮನೆಗೆ ಮತ್ತೆ ಹೋಗುವಳು. ಭಗವಂತನಿಗೆ ಬೇರೆ ಲಗ್ನವಾಯಿತು. ದ್ರೌಪದಿ ತವರಿನಲ್ಲೇ ಉಳಿದಳು. ತಾಯಿಯನ್ನು ಹೇಗೆ ಕ್ಷಮಿಸಿದಳೋ, ಕ್ಷಮಿಸಿದಳೋ ಇಲ್ಲವೋ, ಅದು ನನಗೆ ತಿಳಿಯದು. ಹೆರಿಗೆಗೆ ಇಬ್ಬರೂ ಕೂಡಿಯೇ ಹೋಗುತ್ತಿದ್ದರು. ತಾಯಿ ಮಾಸು ನೋಡಿಕೊಳ್ಳುವಳು. ಕೂಸನ್ನು ಎತ್ತಿ, ಒರೆಸಿ, ಸುತ್ತಿ ಬೇರೊಬ್ಬಳ ಎದೆಯ ಮೇಲೆ ಇಡುವ ಕೆಲಸ ದ್ರೌಪದಿಯದು.

ದಾರಿಯಲ್ಲಿ ಎದುರಾದರೆ ಮರೆಮ್ಮ ಮೊದಲಿನ ಹಾಗೇ ಬದಿಗೆ ಸರಿದು ಶರಣ್ರಿ ಸಾಹೇಬ್ರ ಎನ್ನುತ್ತಿದ್ದಳು. ನಮ್ಮಿಬ್ಬರ ನಡುವಿನ ಮಾತನ್ನು ಸಾಯುವ ತನಕ ಯಾರ ಮುಂದೆಯೂ ಎತ್ತಲಿಲ್ಲ. ಮಾಣಿಕಮ್ಮ ಇದ್ದಾಳೆ, ಈಗಲೂ ನನಗೆ ಚಹಾ ಕುಡಿದು ಹೋಗ್ರಿ ಎನ್ನುತ್ತಾಳೆ. ಮಾಣಿಕಮ್ಮ, ಆ ಲಕೋಟೆ ನಿನ್ನ ಕೂಸು ಹೋದ ದಿನ ಬಂದದ್ದಲ್ಲ. ಇಪ್ಪತ್ತಾರು ದಿನ ನನ್ನ ಅಲಮಾರಿಯಲ್ಲಿ ಇತ್ತು.

ಲಕೋಟೆ ಓದಿ ಹೇಳಿದ ಆ ಸೋಮವಾರದ ಮೇಲೆ ಮರೆಮ್ಮ ಉಪಕೇಂದ್ರಕ್ಕೆ ಬರಲಿಲ್ಲ. ನಾನು ಎರಡು ಸಲ ಹೇಳಿ ಕಳಿಸಿದೆ, ಒಂದು ಸಲ ನಾನೇ ಹೋಗಿ ಕೇಳಿದೆ. ಎಷ್ಟು ಹುಟ್ಟಿದವು, ಎಷ್ಟು ಉಳಿದವು ಎಂದು ಅವಳು ನನಗೆ ಮತ್ತೆ ಯಾವತ್ತೂ ಹೇಳಲಿಲ್ಲ.